ಕುಂದ್ರೋ ಕೆಲಸ

ಇಪ್ಪತ್ತೆಂಟು ವರ್ಷ ಕುಂತೀನಿ ನಾ, ಕಲಬುರಗಿ ಚಿತ್ರದ ಸಾಲ್ಯಾಗ.
ಮೊದಲಿಗೆ ತಾಸಿಗೆ ನಾಕು ರೂಪಾಯಿ, ಆಮ್ಯಾಲ ಹದಿನೈದು,
ಕಡೀಕ ನಲವತ್ತು, ಅದೂ ಮೂರು ತಿಂಗಳಿಗೊಮ್ಮೆ
ವೋಚರಿನ ಮ್ಯಾಲ ಹೆಬ್ಬಟ್ಟು ಒತ್ತಿಸಿಕೊಂಡು.
ಶಹಾಬಾದ ಫರಸಿ, ಮುರುಕ ಫ್ಯಾನು, ಉತ್ತರದ ಕಿಡಕಿ.
‘ಗದ್ದ ಎಡಕ್ಕ, ಭಾಗಮ್ಮ, ಬೆಳಕಿನ ಕಡೆ ಜರಾ’
ಅಂತಿದ್ರು ಅಣ್ಣಾರಾಯ ಮಾಸ್ತರು.
ಅಂದಮ್ಯಾಲ ನಾ ಭಾಗಮ್ಮ ಅಲ್ಲ,
ಒಂದು ಗುಡ್ಡ. ಗುಡ್ಡಕ್ಕ ತುರಿಕಿ ಬರಂಗಿಲ್ಲ.

ಕುಂದ್ರೋದು ಸುಮ್ಮನ ಕೆಲಸ ಅಂತೀರಿ.
ಕಾಲು ಜೋಮು ಹಿಡದು, ಇರುವಿ ಹೊಂಟಂಗ ಹೊಂಟು,
ಆಮ್ಯಾಲ ಕಾಲೇ ಇಲ್ಲದಂಗ ಆಗ್ತದ.
ಆವಾಗ ಕೇಳಸ್ತದ ಇದ್ದಲಿ ಸಪ್ಪಳ:
ಇಪ್ಪತ್ತು ಹುಡುಗರು, ಇಪ್ಪತ್ತು ಕಾಗದ,
ರಾತ್ರಿ ಗ್ವಾದಲ್ಯಾಗ ಎತ್ತು ಕಣಿಕಿ ತಿಂದಂಗ.
ನನ್ನೇ ತಿನ್ಲಾಕತ್ಯಾರ ಅನಸೋದು, ನಿದ್ದಿ ಬರೋದು.

ನನ್ನ ಮಾರಿ ಎಲ್ಲೆಲ್ಲಿ ಅದ, ನಂಗೇ ಗೊತ್ತಿಲ್ಲ.
ಒಂದು ಸ್ಟೇಷನ್ ರೋಡಿನ ಬ್ಯಾಂಕಿನ್ಯಾಗ, ಹೆಸರು ‘ನಿರೀಕ್ಷೆ’.
ಪಾಸಬುಕ್ಕು ತುಂಬಸಲಾಕ ಹೋದಾಗ ಅದರ ಕೆಳಗೇ ನಿಂತಿದ್ದೆ,
ಯಾರೂ ಗುರ್ತು ಹಿಡೀಲಿಲ್ಲ.
ಒಂದು ತೊಗರಿ ಸೇಠ ಬಸಂತಲಾಲನ ಬೈಠಕಿನ್ಯಾಗ, ‘ತಾಯಿ’.
ಸೇಠ ಛಲೋ ಮನಷ್ಯಾ. ಚಿತ್ರ ತಿಳೀತಿದ್ದಿಲ್ಲ,
ಹುಡುಗರ ಹಸಿವಿ ತಿಳೀತಿತ್ತು.
ದೀಪಾವಳಿಗೆ ಬಂದು ನಾಕು ಚಿತ್ರ ಎತಗೊಂಡು ಹೋಗ್ತಿದ್ದ,
ಚೀಲದ ಬ್ಯಾಳಿ ಆರಿಸಿದಂಗ, ಬೆರಳಿಲೆ ತಿಕ್ಕಿ ನೋಡಿ.
ಹಸಿ ಬಣ್ಣ ಅಂಗಿಗೆ ಹತ್ತಿ ಮನ್ಯಾಗ ಬೈಸ್ಕೊಂತಿದ್ದ.
ಉಳಿದವೆಲ್ಲ ‘ಅಭ್ಯಾಸ ಒಂದು’, ‘ಅಭ್ಯಾಸ ಏಳು’, ‘ಮುದುಕಿ’.
ಮುದುಕಿ ಅಂತ ಬರದಾಗ ನಂಗ ಮೂವತ್ತೊಂಬತ್ತು.

ಈಗ ಸಾಲ್ಯಾಗ ಒಂಬತ್ತು ಹುಡುಗರು. ಇಬ್ಬರು ಬರ್ತಾರ.
ಫೋಟೋ ಹೊಡಕೊಂಡು ಹೋಗಿ ಮನ್ಯಾಗ ಬರೀತಾರ.
ಮಾಸ್ತರ ರಿಟೈರ್ ಆದ್ರು, ಆ ಜಾಗಕ್ಕ ಯಾರೂ ಬರಲಿಲ್ಲ.

ಗಂಜಿನ್ಯಾಗ ಸೇಠನ ದಾಲ್‌ಮಿಲ್ ಮುಚ್ಚಿ ಆರು ವರ್ಷ.
ಮಗ ಸುಣ್ಣ ಬಳದು ಬೆಳ್ಳಗ ಮಾಡಿ,
ಒಂದು ಯಂತ್ರ ತುಕ್ಕು ಸಮೇತ ಹಂಗೇ ಬಿಟ್ಟು
ಲೈಟ್ ಹಾಕ್ಯಾನ. ‘ಸ್ಪೇಸ್’ ಅಂತಾನ ಅದಕ್ಕ.
ಅಲ್ಲಿಗಿ ಬಂದಳು ಸ್ನೇಹಲ,
ಹುಟ್ಟಿದ್ದು ಇಲ್ಲೇ ಬ್ರಹ್ಮಪುರದಾಗ, ಕಲಿತಿದ್ದು ಬಡೋದಾ.
ನಮ್ಮನಿ ಹುಡುಕ್ಕೊಂಡು ಬಂದು, ಚಾ ಕುಡದು,
‘ಅಮ್ಮಾ, ನೀವು ಕುಂದರಬೇಕು. ಯಾರೂ ಬರಿಯಂಗಿಲ್ಲ’ ಅಂದಳು.
‘ಬರೀದಿದ್ರ ಎದಕ್ಕ ಕುಂದ್ರಲಿ?’
‘ಅದೇ ಅಮ್ಮಾ, ಅದೇ ಕೃತಿ.’
ಮೂರು ತಾಸಿಗೆ ಆರು ಸಾವಿರ. ನಾ ಮತ್ತ ಕೇಳಲಿಲ್ಲ.

ಮಂದಿ ಬಂದ್ರು, ಹೈದರಾಬಾದಿನವರು, ಬೆಂಗಳೂರಿನವರು,
ಯಾವದೋ ಸಾಹೇಬನ ಹೆಂಡ್ತಿ.
ಗ್ವಾಡಿ ಮ್ಯಾಲ ಚೀಟಿ. ಮೊಮ್ಮಗಳು ದಾನೇಶ್ವರಿ ಓದಿ ಹೇಳಿದಳು:
‘ಕುರ್ಚಿ, ತೊಗರಿ ಧೂಳು, ಭಾಗಮ್ಮ. ಅಳತೆ ಬದಲಾಗುತ್ತದೆ.’
ಆಕಿಗಿ ಸಿಟ್ಟು ಬಂತು. ನಂಗ ನಗಿ.
ಧೂಳಿನ ಬಾಜೂಕ ಯಾಕಾಗಲೊಲ್ದು, ಹೆಸರು ಅಂತೂ ಬಂತಲ್ಲ.

ಖರೆ ಹೇಳ್ತೀನಿ, ತ್ರಾಸ ಆತು.
ಸಪ್ಪಳ ಇಲ್ಲ. ಎತ್ತು ಇಲ್ಲದ ಗ್ವಾದಲಿ.
ಕಣ್ಣು ಬರ್ತಾವ, ನಿಂದರ್ತಾವ, ಹೋಗ್ತಾವ,
ಏನೂ ಒಯ್ಯಂಗಿಲ್ಲ.

ಎರಡನೇ ತಾಸಿಗೆ ಅಣ್ಣಾರಾಯ ಮಾಸ್ತರು ಬಂದ್ರು, ಬಡಿಗಿ ಊರಿಕೊಂಡು.
ಲಕ್ವಾ ಹೊಡದಮ್ಯಾಲ ಬಲಗೈ ಕಿಸೇದಾಗೇ ಇಡ್ತಾರ,
ಯಾರಿಗೂ ಕಾಣಬಾರದಂತ.
ಮಾತಾಡಲಿಲ್ಲ. ದೂರ ನಿಂತು ಒಂದು ಕಣ್ಣು ಸಣ್ಣ ಮಾಡಿದ್ರು.
ನಾ ನೋಡಿದೆ. ಕಿಸೇದ ಅರಿವಿ ಅಲಗ್ಯಾಡ್ಲಾಕತ್ತಿತ್ತು,
ಒಳಗ ಒಂದು ಬೆರಳು:
ಹಣಿ, ಮೂಗು, ಕೊಳ್ಳಿನ ತಗ್ಗು.

ಸಂಜಿಕ ಸ್ನೇಹಲ ವಿಡಿಯೋ ತೋರಿಸಿದಳು.
‘ಎಲ್ಲಾ ಛಲೋ ಅದ ಅಮ್ಮಾ, ಇಲ್ಲೊಮ್ಮೆ ಅಷ್ಟ
ಗದ್ದ ಎಡಕ್ಕ ಹೊಳ್ಳೇದ. ಯಾಕ?’

ನೊಣ ಕುಂತಿತ್ತು, ಅಂದೆ.